ಹಾರ್ನ್ ಹೊಡೆಯದ ಊರಿನಲ್ಲಿ ಒಂದು ತಿಂಗಳು

ನಿಪ್ಪಾಣಿ ಬಸ್ ನಿಲ್ದಾಣ

ಇಂಗ್ಲೆಂಡಿಗೆ ಹೋಗಿ ಬಂದವರು ಅರಮನೆ ನೋಡಿದೆವು, ದೊಡ್ಡ ಗಡಿಯಾರ ನೋಡಿದೆವು ಎಂದು ಫೋಟೋ ತೋರಿಸುತ್ತಾರೆ. ನಾನು ಒಂದು ತಿಂಗಳು ಅಲ್ಲಿದ್ದು ನೋಡಿದ್ದು ಕುದುರೆಗಳ ಹಿಂಭಾಗ. ಅದೂ ಮಗಳ ಕಾರಿನ ಗಾಜಿನೊಳಗಿಂದ, ಮನುಷ್ಯ ನಡೆಯುವ ವೇಗದಲ್ಲಿ, ನಡುವೆ ಒಂದು ಬಸ್ಸು ನಿಲ್ಲುವಷ್ಟು ಜಾಗ ಬಿಟ್ಟು. ಫೋಟೋ ಎಲ್ಲಿ ಎಂದು ಯಾರಾದರೂ ಕೇಳಿದರೆ ಮೈ ಉರಿಯುತ್ತದೆ.

ನಾನು ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ಊರುಗಳ ನಡುವೆ ಯಾವ ತಿರುವಿನಲ್ಲಿ ಯಾರ ಎಮ್ಮೆ ಮಲಗಿರುತ್ತದೆ ಎನ್ನುವುದು ನನಗೆ ಬಾಯಿಪಾಠ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಕಿವಿ ಕಿತ್ತುಹೋಗುವಂತೆ ಹಾಡು ಹಚ್ಚಿಕೊಂಡು, ರಸ್ತೆಯೆಲ್ಲ ತನ್ನದೇ ಎಂಬಂತೆ ಹೋಗುವ ಟ್ರ್ಯಾಕ್ಟರನ್ನು ದಾಟಬೇಕಾದರೆ ಹಾರ್ನ್ ಒಂದೇ ಗತಿ. ಬೇರೆ ಏನು ಕೆಟ್ಟಿದ್ದರೂ ಸುಧಾರಿಸಿಕೊಂಡೇನು, ಹಾರ್ನ್ ಕೆಟ್ಟ ಗಾಡಿಯನ್ನು ನಾನು ಹೊರಗೆ ತೆಗೆದವನಲ್ಲ.

ಮಗಳು ಸುನೀತಾ ಇಂಗ್ಲೆಂಡಿನ ಡೆವನ್ ಎಂಬ ಸೀಮೆಯ ಒಂದು ಹಳ್ಳಿಯಲ್ಲಿ ನರ್ಸ್. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಅವಳಿಗೂ ಅಳಿಯನಿಗೂ ಕೆಲಸ. ಬಾ ಬಾ ಎಂದು ಎರಡು ವರ್ಷದಿಂದ ಪ್ರಾಣ ತಿನ್ನುತ್ತಿದ್ದಳು. ನಿವೃತ್ತಿಯಾದ ಮೇಲೆ ಹೊರಟೆ. ಹೆಂಡತಿಯನ್ನೂ ಕರೆದೆ.

"ನಾ ಬಂದ್ರ ಎಮ್ಮಿ ಯಾರ ಹಿಂಡ್ತಾರ್ರಿ? ನೀವ ಹೋಗಿ ಬರ್ರಿ. ಮನ್ಯಾಗ ಕುಂತ ಬಾಗಿಲಿಗೆ ಬಂದೋರ್‌ನೆಲ್ಲಾ ಬೈಯೂದರ ತಪ್ಪತೈತಿ," ಎಂದಳು.

ನಿಪ್ಪಾಣಿಯವರೆಗೆ ಬಿಡಲು ಬಂದವನು ನನ್ನ ತಮ್ಮ ಬಾಳು. ನಾಲ್ಕು ವರ್ಷದಿಂದ ಅವನ ಎಡಗಾಲು ಕುಂಟು. ಅದು ಹೇಗಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರವಾಸದಲ್ಲಿ ನಾನು ಎಲ್ಲಿ ಹೋದರೂ ಅದು ನನಗಿಂತ ಮುಂದೆ ಹೋಗಿ ಕುಳಿತಿರುತ್ತಿತ್ತು.

ಬಾಳುವಿಗೆ ಕುದುರೆ ಗಾಡಿಯ ಹುಚ್ಚು. ನಮ್ಮ ಕಡೆ ಶರ್ಯತ್ತು, ಅಂದರೆ ಓಟದ ಪಂದ್ಯ, ಎಂದರೆ ಮಂದಿ ಊಟ ಬಿಟ್ಟು ಓಡುತ್ತಾರೆ. ಎರಡು ಚಕ್ರದ ಹಗುರ ಗಾಡಿಗೆ ಕುದುರೆ ಕಟ್ಟಿ ಡಾಂಬರು ರಸ್ತೆಯ ಮೇಲೆ ಬಿಡುತ್ತಾರೆ. ಹಿಂದೆ ಮೋಟಾರ್ ಸೈಕಲ್ಲುಗಳು ಹಾರ್ನ್ ಹೊಡೆಯುತ್ತ, ಹೋ ಎಂದು ಕೂಗುತ್ತ ಬೆನ್ನು ಹತ್ತುತ್ತವೆ. ಸದ್ದು ಬೆನ್ನಿಗೆ ಬಿದ್ದರೆ ಕುದುರೆಗೆ ಹುರುಪು ಬರುತ್ತದೆ ಎಂದು ನಾವೆಲ್ಲ ನಂಬಿದವರು. ಬಾಳುವಿನ ಬಳಿ ಬಿಜಲಿ ಎಂಬ ಹೆಣ್ಣು ಕುದುರೆ ಇತ್ತು. ತಾಲೀಮಿನಲ್ಲಿ ಅದರ ಹಿಂದೆ ಮೋಟಾರ್ ಸೈಕಲ್ ಮೇಲೆ ಹಾರ್ನ್ ಹೊಡೆಯುವುದು ನನ್ನ ಕೆಲಸ.

ಅಂಥ ಒಂದು ಮುಂಜಾನೆ ರಾಯಬಾಗ ರಸ್ತೆಯಲ್ಲಿ ಬಿಜಲಿ ಅಡ್ಡ ಜಿಗಿದು ಗಾಡಿ ಮಗುಚಿತು. ಕುದುರೆಯ ಮುಂಗಾಲು ಮುರಿಯಿತು, ಅದು ಉಳಿಯಲಿಲ್ಲ. ಬಾಳುವಿನ ಕಾಲಿನೊಳಗೆ ರಾಡು ಕೂತಿತು. ಎದುರಿಗೆ ಸೈಕಲ್ ಮೇಲೆ ಕ್ಯಾನು ಹೇರಿಕೊಂಡು ಬರುತ್ತಿದ್ದವನು ಭರಮಾ. ಮನೆಮನೆಯ ಹಾಲು ಕೂಡಿಸಿ ಚಿಕ್ಕೋಡಿಗೆ ಒಯ್ಯುವವನು. "ಸೈಕಲ್ಲಿನಾಂವ ನಡುವ ಬಂದಾ," ಎಂದು ಬಾಳು ಎಲ್ಲರೆದುರು ಅಂದ. ಮಂದಿ ನನ್ನ ಮುಖ ನೋಡಿದರು, ಕಣ್ಣಾರೆ ಕಂಡವನು ನಾನೊಬ್ಬನೇ. ನಾನು ಹೌದು ಅಂದೆ. ಅಂದಿನಿಂದ ನಮ್ಮ ಓಣಿಯಲ್ಲಿ ಯಾರೂ ಭರಮಾನಿಗೆ ಹಾಲು ಹಾಕುವುದಿಲ್ಲ. ಅವನೂ ನಮ್ಮ ಮನೆಯ ಮುಂದಿನ ದಾರಿ ಬಿಟ್ಟು ಕಾಲುವೆ ಏರಿಯ ಮೇಲೆ ಸುತ್ತುಹಾಕಿ ಹೋಗುತ್ತಾನೆ.

ಬಸ್ಸು ಬಂತು. ಬಾಳು ನನ್ನ ಚೀಲ ಒಳಗೆ ಕೊಟ್ಟ.

"ತಿಂಗಳಂದ್ರ ತಿಂಗಳಿಗೆ ಬಂದಬಿಡ ಅಣ್ಣಾ. ಹೊಸಾ ಕುದುರಿ ತಂದೇನಿ, ಪಾರಿ ಅಂತ ಹೆಸರಿಟ್ಟೇನಿ. ತಾಲೀಮ ಚಾಲೂ ಮಾಡಬೇಕು. ಹಿಂದ ಹಾರ್ನ್ ಹೊಡಿಯಾಕ ನಿನ್ನಂಥಾ ಕೈ ಯಾರದೂ ಇಲ್ಲ."

ಹೂಂ ಎಂದೆ. ಬಸ್ಸು ಹೊರಳಿದಾಗ ಅವನು ಕುಂಟುತ್ತ ಚಹದಂಗಡಿಯ ಕಡೆ ಹೋಗುತ್ತಿದ್ದ.

ಡೆವನ್: ಹಿಂದಕ್ಕೆ ಹೋಗುವ ಮಂದಿ

ಡೆವನ್ನಿನಲ್ಲಿ ರಸ್ತೆ ಎನ್ನುವುದನ್ನು ನಮ್ಮಲ್ಲಿ ಹೊಲದ ದಾರಿ ಎನ್ನುತ್ತೇವೆ. ಎರಡೂ ಕಡೆ ಆಳೆತ್ತರದ ಮಣ್ಣಿನ ದಿಬ್ಬ, ಅದರ ಮೇಲೆ ಗಿಡಗಳ ಬೇಲಿ, ನಡುವೆ ಒಂದೇ ಕಾರು ಹಿಡಿಸುವಷ್ಟು ಡಾಂಬರು, ಆ ಡಾಂಬರಿನ ನಡುವೆಯೂ ಹುಲ್ಲು. ಎದುರಿಗೆ ಗಾಡಿ ಬಂದರೆ ಇಬ್ಬರಲ್ಲೊಬ್ಬರು ಹಿಂದೆ ಸರಿಯಬೇಕು. ಯಾರು ಸರಿಯಬೇಕು ಎನ್ನುವುದು ನಮ್ಮಲ್ಲಿ ಗಾಡಿಯ ಗಾತ್ರದ ಮೇಲೆ, ಅದೂ ಸಮವಾಗಿದ್ದರೆ ಬಾಯಿಯ ಮೇಲೆ ತೀರ್ಮಾನವಾಗುತ್ತದೆ. ಅಲ್ಲಿ ಇಬ್ಬರೂ ಸರಿಯುತ್ತಾರೆ. ನೀವು ಬನ್ನಿ, ಇಲ್ಲ ನೀವು ಬನ್ನಿ ಎಂದು ಗಾಜಿನೊಳಗಿಂದಲೇ ಕೈ ಬೀಸಾಟ. ದಾಟುವಾಗ ಸ್ಟೀರಿಂಗಿನ ಮೇಲಿನ ಒಂದು ಬೆರಳೆತ್ತಿ ಥ್ಯಾಂಕ್ಯೂ. ಪೇಟೆಗೆ ಹೋಗಿ ಬರುವುದರೊಳಗೆ ಮಗಳು ಏಳು ಸಲ ರಿವರ್ಸ್ ಹಾಕಿದಳು. ನಾನು ಎಣಿಸಿದೆ, ಬೇರೆ ಮಾಡಲು ಏನೂ ಇರಲಿಲ್ಲ.

"ಹಿಂಗ ಹಿಂದಕ್ಕ ಹೊಂಟ್ರ ಸಂಜೀಕ ಚಿಕ್ಕೋಡಿ ಮುಟ್ಟತೇವಿ ನೋಡವಾ," ಅಂದೆ.

"ಸುಮ್ನ ಕುಂದ್ರಪಾ ನೀ," ಅಂದಳು ಸುನೀತಾ.

ಸೈಕಲ್ಲಿನವರದು ಇನ್ನೊಂದು ಕಥೆ. ಹೊಟ್ಟೆ ಬಂದ ಗಂಡಸರೂ ಮೈಗಂಟಿದ ಬಣ್ಣಬಣ್ಣದ ಬಟ್ಟೆ ತೊಟ್ಟು, ಇಬ್ಬಿಬ್ಬರು ಜೋಡಿಯಾಗಿ, ಹರಟೆ ಹೊಡೆಯುತ್ತ ಹೋಗುತ್ತಾರೆ. ಹಿಂದೆ ನಾಲ್ಕು ಕಾರು, ಒಂದು ಲಾರಿ, ಕೊನೆಯಲ್ಲಿ ಒಂದು ಬಸ್ಸು. ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಆ ಬಸ್ಸಿನ ಡ್ರೈವರನ ಮುಖವನ್ನು ನಾನು ತಿರುಗಿ ನೋಡಿದೆ. ಆ ಪುಣ್ಯಾತ್ಮ ನಗುತ್ತಿದ್ದ! ಅವನ ಹಾರ್ನಿಗೆ ಜೇಡ ಬಲೆ ಕಟ್ಟಿರಬೇಕು.

ನಾಲ್ಕನೆಯ ದಿನ ಒಂದು ತಿರುವು ದಾಟಿದ್ದೇ ತಡ ಮುಂದೆ ಕುದುರೆ ಕಂಡಿತು. ಕಂದು ಬಣ್ಣದ, ಮೈ ತುಂಬಿಕೊಂಡ ದೊಡ್ಡ ಕುದುರೆ. ಮೇಲೆ ಟೊಪ್ಪಿಗೆ ಹಾಕಿಕೊಂಡ ಹೆಂಗಸು. ಬೆನ್ನಿನ ಮೇಲೆ ಹೊಳೆಯುವ ಹಳದಿ ಜಾಕೀಟು, ಅದರ ಮೇಲೆ ಏನೋ ಬರಹ. ಸುನೀತಾ ಕಾರು ನಿಧಾನ ಮಾಡಿ ಹಿಂದೆಯೇ ಉಳಿದಳು. ನನಗೆ ಎಷ್ಟೋ ದಿನಗಳ ಮೇಲೆ ಒಬ್ಬ ನೆಂಟ ಸಿಕ್ಕಂತಾಯಿತು. ಕುದುರೆ ಕಂಡು ಸುಮ್ಮನಿರುವುದು ನಮ್ಮ ಕಡೆಯವರಿಗೆ ಆಗುವ ಮಾತಲ್ಲ. ಪಕ್ಕದ ಸೀಟಿನಿಂದ ಕೈ ಚಾಚಿ ಹಾರ್ನ್ ಒತ್ತಿದೆ, ಒಂದಲ್ಲ, ಎರಡು ಸಲ, ಉದ್ದಕ್ಕೆ. ಕಿಟಕಿಯಿಂದ ತಲೆ ಹೊರಗೆ ಹಾಕಿ "ಹೊಯ್! ಹೊಯ್!" ಎಂದೆ.

ಕುದುರೆ ಮುಂಗಾಲೆತ್ತಿ ನಿಂತಿತು. ಹೆಂಗಸು ಜಾರಿ ದಿಬ್ಬದ ಹುಲ್ಲಿನ ಮೇಲೆ ಬಿದ್ದಳು.

ಸುನೀತಾ ಕಾರು ನಿಲ್ಲಿಸಿ ಓಡಿದಳು. ನಾನು ಇಳಿಯುವಷ್ಟರಲ್ಲಿ ಆ ಹೆಂಗಸೇ ಎದ್ದಿದ್ದಳು. ಎಪ್ಪತ್ತರ ಹತ್ತಿರದ ಮುದುಕಿ, ಕೋಲಿನಂಥ ಮೈ. ಬಲಗೈ ಮುಂಗೈ ಹಿಡಿದುಕೊಂಡೇ ಮೊದಲು ಕುದುರೆಯ ನಾಲ್ಕೂ ಕಾಲು ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಒಂದು ಮಾತು ಕೇಳಿದಳು. ವೈ? ಅಷ್ಟು ಇಂಗ್ಲಿಷು ನನಗೂ ಬರುತ್ತದೆ.

ಮನೆಯ ಬಾಗಿಲಲ್ಲಿ ಮಗಳು ಕಣ್ಣಲ್ಲಿ ನೀರು ತಂದುಕೊಂಡಳು.

"ಯಾರಂತ ಗೊತ್ತೈತೇನ್ ಅಪ್ಪಾ ಅಕಿ? ನಾವ್ ಇಲ್ಲಿಗಿ ಬಂದಾಗ ಒಂದ ನರಪಿಳ್ಳಿ ಮಾತಾಡ್ಸತಿರಲಿಲ್ಲ. ಮೊದಲ ಬಂದ ಬಾಗಲಾ ಬಡದಾಕಿ ಅಕೀನ. ಚಳಿಗಾಲದಾಗ ನನಗ ಕಾರ್ ಇರಲಿಲ್ಲ, ದಿನಾ ಡ್ಯೂಟಿಗಿ ಬಿಟ್ಟ ಬರತಿದ್ಲು."

"ನಾ ಕುದುರಿಗಿ ಹುರುಪ್ ಕೊಡಾಕ ಹೊಡದ್ನೆವಾ. ನಮ್ಮಲ್ಲೆ ಹೊಡಿಯೂದಿಲ್ಲೇನ?"

"ಆ ಜಾಕೀಟಿನ ಮ್ಯಾಲ ಏನ್ ಬರದಿತ್ತು ನೋಡಿದೇನ? ದೂರಿಂದ ಹೋಗ್ರಿ, ಸಾವಕಾಶ ಹೋಗ್ರಿ ಅಂತ ಬರದಿತ್ತು. ನಾಳಿ ಅಕಿ ಮನಿಗಿ ಹೋಗಿ ತಪ್ಪಾತು ಅಂತ ಹೇಳಿ ಬರಬೇಕು ನೀ."

ಮಗಳ ಮನೆಗೆ ಬಂದು ನಾಲ್ಕು ದಿನಕ್ಕೆ ಊರ ಮುಂದೆ ತಪ್ಪೊಪ್ಪಿಕೊಳ್ಳುವ ಹಣೆಬರಹ. ಸಿಟ್ಟಿನಲ್ಲಿ ಆ ಹೊತ್ತು ಚಹಾ ಕೂಡ ಕುಡಿಯಲಿಲ್ಲ. ಕೊಟ್ಟಿದ್ದರೆ ಕುಡಿಯುತ್ತಿದ್ದೆ, ಮಗಳು ಕೊಡಲಿಲ್ಲ.

ಜೇನ್‌ಬಾಯಿಯ ಲಾಯ

ಆಕೆಯ ಹೆಸರು ಜೇನ್. ನಾನು ಜೇನ್‌ಬಾಯಿ ಎಂದೇ ಕರೆದೆ, ಆಕೆಯೂ ಬೇಡ ಅನ್ನಲಿಲ್ಲ. ಮುಂಗೈ ಉಳುಕಿ ಪಟ್ಟಿ ಕಟ್ಟಿತ್ತು. ಕುದುರೆಯ ಹೆಸರು ಬಿಸ್ಕಿಟ್. ಇಷ್ಟೆತ್ತರದ ಪ್ರಾಣಿಗೆ ಬಿಸ್ಕಿಟ್ ಎಂದು ಹೆಸರಿಡುವವರ ಹತ್ತಿರ ತಪ್ಪಾಯಿತು ಎನ್ನಬೇಕಲ್ಲ ಎಂದು ಹಲ್ಲು ಕಡಿದುಕೊಂಡೇ ಅಂದೆ. ಸುನೀತಾ ನಡುವೆ ನಿಂತು ನನ್ನ ಮಾತನ್ನು ಆಕೆಗೆ, ಆಕೆಯ ಮಾತನ್ನು ನನಗೆ ತಿಳಿಸುತ್ತಿದ್ದಳು.

ನಮ್ಮ ಕಡೆಯ ಶರ್ಯತ್ತಿನ ವಿಷಯ ಹೇಳಿದೆ. ಹಾರ್ನ್ ಕೇಳಿದರೆ ನಮ್ಮ ಕುದುರೆಗಳಿಗೆ ಖುಷಿಯಾಗುತ್ತದೆ, ಜೋರಾಗಿ ಓಡುತ್ತವೆ ಎಂದೆ.

"ಖುಷಿಯಾಗುತ್ತದೆ ಎಂದು ಕುದುರೆ ಹೇಳಿತೇ?" ಎಂದು ಜೇನ್‌ಬಾಯಿ ಕೇಳಿದಳು. ಕುಹಕದಿಂದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು. ಅದಕ್ಕೇ ನನಗೆ ಇನ್ನೂ ರೇಗಿತು.

ತಪ್ಪಾಯಿತು ಎಂದರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಅಂದಿನಿಂದ ಬಿಸ್ಕಿಟ್ ಹಿಂದೆ ಕಾರಿನ ಸದ್ದಾದರೆ ಬೆವರುತ್ತಿತ್ತಂತೆ. ಹೆದರಿಕೆ ಹಾಕಿದವನು ನೀನು, ನೀನೇ ತೆಗೆಯಬೇಕು, ನಾಳೆಯಿಂದ ದಿನಾ ಮುಂಜಾನೆ ಬಾ ಎಂದಳು. ಅಲ್ಲಿಯ ಮಂದಿ ಗಟ್ಟಿಯಾಗಿ ಬೈಯುವುದಿಲ್ಲ. ಬೈದಿದ್ದರೆ ನಾನೂ ನಾಲ್ಕು ಬೈದು ಮನೆಗೆ ಬರುತ್ತಿದ್ದೆ.

ಹೀಗೆ ಮೂವತ್ತೊಂದು ವರ್ಷದ ಅನುಭವವುಳ್ಳ ಡ್ರೈವರು ಇಂಗ್ಲೆಂಡಿನಲ್ಲಿ ಹಳದಿ ಜಾಕೀಟು ತೊಟ್ಟು ಒಂದು ಹಳೆಯ ಸೈಕಲ್ ನೂಕುವ ಕೆಲಸಕ್ಕೆ ಬಿದ್ದ. ಕೆಲಸ ಇಷ್ಟೇ: ಲಾಯದ ಅಂಗಳದಲ್ಲಿ ಜೇನ್‌ಬಾಯಿ ಕುದುರೆಯ ಹಗ್ಗ ಹಿಡಿದು ನಿಲ್ಲುತ್ತಾಳೆ. ನಾನು ದೂರದಿಂದ ಸೈಕಲ್ ನೂಕುತ್ತ ಬರಬೇಕು. ಹಿಂದಿನಿಂದ ಬಂದರೆ ಮೊದಲೇ ಕೂಗಿ ಗುಡ್ ಮಾರ್ನಿಂಗ್ ಅನ್ನಬೇಕು, ಮನುಷ್ಯನ ದನಿ ಕೇಳಿದರೆ ಕುದುರೆಗೆ ಇದು ಹುಲಿಯಲ್ಲ ಎಂದು ತಿಳಿಯುತ್ತದಂತೆ. ಕುದುರೆ ಕಿವಿ ಹೊರಳಿಸಿದರೆ ನಿಲ್ಲಬೇಕು. ಅದು ತಲೆ ಇಳಿಸಿದರೆ ಮತ್ತೆ ಹೊರಡಬೇಕು. ದಾಟಿದ ಮೇಲೂ ಅವಸರ ಮಾಡಬಾರದು. ಮತ್ತೆ ಹಿಂದಕ್ಕೆ ಹೋಗಿ, ಮತ್ತೆ ಗುಡ್ ಮಾರ್ನಿಂಗ್. ಮಧ್ಯಾಹ್ನ ಹನ್ನೆರಡಾದರೂ ಗುಡ್ ಮಾರ್ನಿಂಗ್.

ಎರಡನೆಯ ವಾರ ಸೈಕಲ್ಲಿನ ಬದಲು ಸುನೀತಾಳ ಕಾರು. ರಜೆಯ ದಿನ ಅವಳು ಹಿಂದಿನಿಂದ ಕಾರು ತಂದು, ದೂರ ನಿಲ್ಲಿಸಿ, ಕುದುರೆಯ ಕಡೆಯವರು ಕೈ ಮಾಡಿದ ಮೇಲೆ ಅಗಲಕ್ಕೆ ಜಾಗ ಬಿಟ್ಟು ದಾಟುತ್ತಿದ್ದಳು. ಕೈ ಮಾಡುವವನು ನಾನು. ಬಾ ಎನ್ನಲು ಒಂದು ಸನ್ನೆ, ನಿಲ್ಲು ಎನ್ನಲು ಒಂದು, ಉಪಕಾರವಾಯಿತು ಎನ್ನಲು ಇನ್ನೊಂದು. ಮಗಳು ದಾಟುವಾಗಲೆಲ್ಲ ನನಗೆ ಥ್ಯಾಂಕ್ಯೂ ಎಂದು ಬೆರಳೆತ್ತಿ ನಗುತ್ತಿದ್ದಳು.

ಒಂದು ದಿನ ನಡುವೆ ಚಹಾ ಕುಡಿಯುವಾಗ ನಗದೆ ಕೇಳಿದಳು.

"ಬಿಜಲಿ ಬಿದ್ದಾಗ ನೀನ ಹಿಂದ ಇದ್ದೆಲ್ಲಾ ಅಪ್ಪಾ?"

"ಇದ್ನಿ. ಭರಮಾ ಅಡ್ಡ ಬಂದಾ."

"ನಾ ಅದನ್ ಕೇಳಲಿಲ್ಲ. ನೀ ಏನ್ ಮಾಡಾಕತ್ತಿದ್ದಿ?"

"ಕಾಕಾನ ಕೇಳ್ ಹೋಗ. ಅಂವನ ಹೇಳ್ಯಾನಲ್ಲ," ಎಂದು ಕಪ್ಪು ಕುಕ್ಕಿ ಎದ್ದೆ. ಬಿಸ್ಕಿಟ್ ಕಿವಿ ಹೊರಳಿಸಿತು. ಅದಕ್ಕೂ ಒಂದು ಗುಡ್ ಮಾರ್ನಿಂಗ್ ಹೇಳಿ ಸಮಾಧಾನ ಮಾಡಬೇಕಾಯಿತು.

ಮೂರು ಗೇಟಿನ ದಾರಿ

ಹಳ್ಳಿಯ ಹಿಂದೆ ಗುಡ್ಡದ ಕಡೆ ಒಂದು ಕಾಲುದಾರಿ ಹೋಗುತ್ತದೆ. ಅದಕ್ಕೆ ಮೂರು ಗೇಟು. ನಡೆಯುವವರು, ಸೈಕಲ್ಲಿನವರು, ಕುದುರೆಯವರು ಎಲ್ಲರೂ ಅದೇ ದಾರಿ. ಕಾರಿಗೆ ಮಾತ್ರ ಪ್ರವೇಶವಿಲ್ಲ. ಮೂರನೆಯ ವಾರ ಜೇನ್‌ಬಾಯಿಯ ಮುಂಗೈ ನೆಟ್ಟಗಾಗಿ, ಆಕೆ ಕುದುರೆಯ ಮೇಲೆ, ನಾನು ಸೈಕಲ್ ನೂಕುತ್ತ ಪಕ್ಕದಲ್ಲಿ, ದಿನಾ ಆ ದಾರಿ ಹಿಡಿಯುತ್ತಿದ್ದೆವು.

ಆ ದಾರಿಯಲ್ಲಿ ನನಗೆ ಬಾಯಿ ನೋಯುತ್ತಿತ್ತು. ಇಳಿಜಾರಿನಲ್ಲಿ ಬಾಣದಂತೆ ಬರುವ ಸೈಕಲ್ಲಿನವನು ಕುದುರೆ ಕಂಡೊಡನೆ ಬ್ರೇಕ್ ಹಿಡಿದು, ನಿಂತು, ಹಲೋ ಎನ್ನುತ್ತಾನೆ. ಜೇನ್‌ಬಾಯಿ ಹಲೋ ಎನ್ನುತ್ತಾಳೆ. ನಾನೂ ಅನ್ನಬೇಕು. ಹವೆ ಚೆನ್ನಾಗಿದೆ ಎಂದು ಅವನು, ಹೌದು ಎಂದು ಈಕೆ. ಮಳೆ ಹನಿಯುತ್ತಿದ್ದರೂ ಹವೆ ಚೆನ್ನಾಗಿರುತ್ತದೆ. ಗೇಟು ಬಂದರೆ ಮೊದಲು ತಲುಪಿದವನು ತೆರೆದು, ಎಲ್ಲರೂ ದಾಟುವವರೆಗೆ ಹಿಡಿದು ನಿಲ್ಲುತ್ತಾನೆ. ಸೈಕಲ್ಲಿನವನು ಕುದುರೆಗೆ, ಕುದುರೆಯವಳು ನಡೆಯುವವನಿಗೆ, ಹೀಗೆ ಒಬ್ಬರಿಗೊಬ್ಬರು ಹಿಡಿಯುತ್ತ ಹಿಡಿಯುತ್ತ ಒಂದು ಗೇಟಿನಲ್ಲಿ ನಾವು ಐದು ಮಂದಿ ನಿಂತುಕೊಂಡು ನೀನು ಹೋಗು, ನೀನು ಹೋಗು ಎನ್ನುತ್ತಿದ್ದೆವು. ಅಥಣಿ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಮಂದಿಯನ್ನು ನೆನೆದು ನನಗೆ ಮನೆಯ ಹಂಬಲ ಹತ್ತಿತು.

ಹೊರಡಲು ನಾಲ್ಕು ದಿನ ಉಳಿದಿತ್ತು. ಆ ಮುಂಜಾನೆ ನಾನು ಮೊದಲು ಹೋಗಿ ಕೊನೆಯ ಗೇಟು ತೆರೆದಿಟ್ಟು, ಅದರ ಆಚೆ ಡಾಂಬರು ರಸ್ತೆಯ ಎಡ ಅಂಚಿನಲ್ಲಿ ಸೈಕಲ್ ಹಿಡಿದು ನಿಂತಿದ್ದೆ. ಜೇನ್‌ಬಾಯಿ ಗೇಟು ದಾಟಿ ರಸ್ತೆಗೆ ಬಂದು ನನ್ನ ಕಡೆಗೇ ಬರುತ್ತಿದ್ದಳು. ಅವಳ ಹಿಂದಿನ ತಿರುವಿನಿಂದ ಪಾರ್ಸಲ್ ಹಂಚುವ ವ್ಯಾನೊಂದು ಬಂತು. ನಿಲ್ಲು ಎಂದು ನಾನು ಕೈ ಎತ್ತಿದೆ. ಅವನು ನಿಲ್ಲಲಿಲ್ಲ, ಹಾರ್ನ್ ಹೊಡೆದ. ಆ ದೇಶದಲ್ಲಿ ಇಪ್ಪತ್ತಾರು ದಿನದ ಮೇಲೆ ನಾನು ಕೇಳಿದ ಮೊದಲ ಹಾರ್ನ್ ಅದು. ನಾನೇ ಹೊಡೆದದ್ದನ್ನು ಬಿಟ್ಟರೆ.

ಬಿಸ್ಕಿಟ್ ಓಡಲಿಲ್ಲ. ಹಿಂದಿನ ಸದ್ದಿನಿಂದ ತಪ್ಪಿಸಿಕೊಳ್ಳಲು ಅಡ್ಡಕ್ಕೆ ಜಿಗಿಯಿತು, ನೇರ ನನ್ನ ಕಡೆಗೆ. ನನಗೆ ಆ ಕ್ಷಣ ಈಗಲೂ ಕಾಣುತ್ತದೆ. ಅದರ ಎದೆ, ಬಿಳಿ ಹೊರಳಿದ ಕಣ್ಣು, ಕಾಲಿನ ಕೆಳಗೆ ಕಿರುಗುಟ್ಟಿದ ಲಾಳ. ನಾನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಇಡಲು ಸಮಯವೇ ಇರಲಿಲ್ಲ. ಸೈಕಲ್ಲಿನ ಹ್ಯಾಂಡಲ್ ಪಕ್ಕೆಗೆ ಬಡಿದು, ನಾನೂ ಸೈಕಲ್ಲೂ ಕೂಡಿ ಚರಂಡಿಯ ತುರಿಕೆ ಸೊಪ್ಪಿನೊಳಗೆ ಬಿದ್ದೆವು.

ಜೇನ್‌ಬಾಯಿ ಹೇಗೋ ಮೇಲೆಯೇ ಉಳಿದಿದ್ದಳು. ವ್ಯಾನಿನವನು ಇಳಿದು ಬಂದ, ಗಾಬರಿಯಾದ ಚಿಕ್ಕ ವಯಸ್ಸಿನ ಮನುಷ್ಯ. ಚರಂಡಿಯಲ್ಲಿದ್ದ ನನ್ನ ಕಡೆ ಬೆರಳು ಮಾಡಿ ಏನೋ ಅಂದ. ಒಂದು ತಿಂಗಳಲ್ಲಿ ನನ್ನ ಇಂಗ್ಲಿಷು ಅಷ್ಟಕ್ಕೆ ಸಾಕಾಗಿತ್ತು. ಸೈಕಲ್ಲಿನವನು ನಡುವೆ ಬಂದ, ಅಂದ.

ಬಾಳು ಅಂದಿದ್ದ ಅದೇ ಮಾತು.

ಜೇನ್‌ಬಾಯಿ ಕುದುರೆಯಿಂದ ಇಳಿದು ಅದರ ಕಾಲು ಮುಟ್ಟಿ ನೋಡಿದಳು. ಆಮೇಲೆ ವ್ಯಾನಿನವನಿಗೆ, ದನಿ ಏರಿಸದೆ, ಒಂದೊಂದೇ ಮಾತಿನಲ್ಲಿ ಹೇಳಿದಳು. ಸೈಕಲ್ಲಿನವನು ಇದ್ದಲ್ಲೇ ಇದ್ದ. ಅವನ ಮೇಲೆ ಹೋದದ್ದು ನನ್ನ ಕುದುರೆ. ಕಳಿಸಿದವನು ನೀನು. ಇಷ್ಟು ಹೇಳಿ ಚರಂಡಿಗೆ ಬಗ್ಗಿ ನನಗೆ ಕೈ ಕೊಟ್ಟಳು.

ಆ ಕೈ ಹಿಡಿದುಕೊಂಡೂ ನಾನು ಏಳಲಿಲ್ಲ. ನಾಲ್ಕು ವರ್ಷ ಹಿಂದೆ ನಾನು ಬಿಜಲಿಯ ಹಿಂದೆ ಎಷ್ಟು ಸಮೀಪದಲ್ಲಿದ್ದೆ, ಹಾರ್ನಿನ ಮೇಲೆ ಬೆರಳನ್ನು ಎಷ್ಟು ಹೊತ್ತು ಒತ್ತಿ ಹಿಡಿದಿದ್ದೆ, ಭರಮಾ ಸೈಕಲ್ ಇಳಿದು ರಸ್ತೆಯ ಅಂಚಿಗೆ ನಿಂತಿದ್ದದ್ದನ್ನು ಹೇಗೆ ನೋಡಿದ್ದೆ, ಎಲ್ಲ ನನಗೆ ಗೊತ್ತಿತ್ತು. ಅಂದೂ ಗೊತ್ತಿತ್ತು. ಇಂಗ್ಲೆಂಡು ನನಗೆ ಹೊಸದಾಗಿ ಏನೂ ಕಲಿಸಲಿಲ್ಲ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ತುರಿಕೆ ಎರಡು ದಿನ ಇಳಿಯಲಿಲ್ಲ. ಹೊರಡುವ ದಿನ ಜೇನ್‌ಬಾಯಿ ಆ ಹಳದಿ ಜಾಕೀಟನ್ನು ಮಡಿಸಿ ಕೊಟ್ಟಳು. ಬೇಡ ಎಂದೆ. ಬೇಡ ಎಂದರೆ ಬಿಡುವ ಹೆಂಗಸಲ್ಲ ಆಕೆ.

ರಾಯಬಾಗ ರಸ್ತೆ

ಊರಿಗೆ ಬಂದ ಮರುದಿನವೇ ಬಾಳು ಬಾಗಿಲಿಗೆ ಬಂದ. "ನಡಿ ಅಣ್ಣಾ, ಪಾರೀನ ರಸ್ತೇಕ ತರೂನು." ಬಿಸಿಲು ಏರುವ ಮೊದಲು ರಸ್ತೆಗೆ ಹೋದೆವು. ಪಾರಿ ಎಳೆಯ ಕುದುರೆ, ಕಿವಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಬಾಳು ಗಾಡಿ ಕಟ್ಟಿ ಕುಂಟುಗಾಲು ಎತ್ತಿ ಮೇಲೆ ಹತ್ತಿದ. ನಾನು ಮೋಟಾರ್ ಸೈಕಲ್ ಚಾಲೂ ಮಾಡಲಿಲ್ಲ.

"ಯಾಕ? ಪೆಟ್ರೋಲ್ ಇಲ್ಲೇನ?"

"ಇಳಿ ಬಾಳು. ಮಾತೈತಿ."

ಅವನು ಇಳಿಯಲಿಲ್ಲ. ನಾನು ಕೆಳಗೆ ನಿಂತುಕೊಂಡೇ ಹೇಳಿದೆ. "ಬಿಜಲಿ ಬಿದ್ದಿದ್ದು ನನ್ನ ಹಾರ್ನಿಗೆ. ಭರಮಾ ಇಳದ ಬಾಜೂಕ ನಿಂತಿದ್ದಾ. ಅಂವ ಅಡ್ಡ ಬರಲಿಲ್ಲ. ನಾ ಸುಳ್ಳ ಹೇಳಿದೆ."

ಅವನು ಬೈಯಬಹುದು, ಬಾರುಕೋಲಿನಿಂದ ಹೊಡೆಯಬಹುದು ಎಂದುಕೊಂಡಿದ್ದೆ. ಹಗ್ಗ ಎಳೆದು ಪಾರಿಯನ್ನು ಸುಮ್ಮನಾಗ ಮಾಡಿದ. ನನ್ನ ಮುಖ ನೋಡಲಿಲ್ಲ.

"ಗೊತ್ತೈತಿ," ಅಂದ. "ಗಾಡ್ಯಾಗ ಕುಂತಾಂವ ನಾನ ಅಲ್ಲೇನ? ಹಾರ್ನ್ ನನಗ ಕೇಳ್ಸಲಿಲ್ಲೇನ? ಭರಮಾ ನಿಂತಿದ್ದೂ ಕಂಡಿತ್ತು. ನಿನ್ನ ಹೆಸರ ಹೆಂಗ ಹೇಳ್ಲಿ ಅಣ್ಣಾ. ಸಾಕಿ ಸಲುಹಿದಾಂವ ನೀ."

ನಾಲ್ಕು ವರ್ಷ ನಾವಿಬ್ಬರೂ ಒಂದೇ ಸುಳ್ಳನ್ನು ಒಬ್ಬರಿಂದ ಒಬ್ಬರು ಮುಚ್ಚಿಟ್ಟುಕೊಂಡು ಅದರ ಭಾರವನ್ನೆಲ್ಲ ಆ ಸೈಕಲ್ಲಿನ ಮೇಲೆ ಹೇರಿದ್ದೆವು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ.

ಪಾರಿಯನ್ನು ಬಿಚ್ಚಿ ಕಟ್ಟಿ, ಇಬ್ಬರೂ ಭರಮಾನ ಮನೆಗೆ ನಡೆದೇ ಹೋದೆವು. ಅವನು ಹೊರಗೆ ಕ್ಯಾನು ತಿಕ್ಕುತ್ತ ಕುಳಿತಿದ್ದ. ನಮ್ಮನ್ನು ನೋಡಿಯೂ ಏಳಲಿಲ್ಲ. ಬರ್ರಿ ಅನ್ನಲಿಲ್ಲ. ನಿಂತುಕೊಂಡೇ ಹೇಳಿದೆ, ಬಾಳುವೂ ಹೇಳಿದ. ನಾಳೆ ಓಣಿಯ ಮಂದಿಯ ಮುಂದೆಯೂ ಹೇಳುತ್ತೇವೆ ಎಂದೆವು. ಭರಮಾ ಕ್ಯಾನು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಪೂರ್ತಿ ತಿಕ್ಕಿ, ತೊಳೆದು, ಬೋರಲು ಹಾಕಿದ ಮೇಲೆ ಮಾತಾಡಿದ.

"ಅವತ್ತ ನಾನೂ ಬಿದ್ದಿದ್ನಿರಿ ಡ್ರೈವರ್ ಸಾಹೇಬ್ರ. ಕುದುರಿ ಬಡದು ಪಕ್ಕಡಿ ಎಲುಬ ಮುರದಿತ್ತು. ಮಂದೆಲ್ಲಾ ಕುದುರಿ ಕಡೆ ಓಡಿದ್ರು, ಇವರ ಕಡೆ ಓಡಿದ್ರು. ನನ್ನ ಯಾರೂ ಎಬ್ಬಸಲಿಲ್ಲ. ನಾನ ಎದ್ದು, ನಾನ ಸೈಕಲ್ ಎತ್ಕೊಂಡ ಬಂದ್ನಿ."

ಅವನು ಒಳಗೆ ಹೋದ. ನಾವು ತಿರುಗಿ ಬಂದೆವು. ಮರುದಿನ ಸಂಜೆ ಓಣಿಯ ಕಟ್ಟೆಯ ಮೇಲೆ ಎಲ್ಲರೆದುರು ಹೇಳಿದೆವು. ಕೆಲವರು ತಲೆ ತಗ್ಗಿಸಿದರು, ಕೆಲವರು ನಕ್ಕರು.

ಈಗ ಪಾರಿಯ ತಾಲೀಮು ಹಾರ್ನ್ ಇಲ್ಲದೆಯೇ ನಡೆಯುತ್ತದೆ. ಶರ್ಯತ್ತಿನವರು ನಮ್ಮನ್ನು ನೋಡಿ ನಗುತ್ತಾರೆ. ನಾನು ಹಳದಿ ಜಾಕೀಟು ತೊಟ್ಟು ಗಾಡಿಯ ಹಿಂದೆ, ಅದಕ್ಕೆ ಬೆನ್ನು ಮಾಡಿ ನಿಂತು, ಬಂದ ಗಾಡಿಗಳಿಗೆಲ್ಲ ಸಾವಕಾಶ ಎಂದು ಕೈ ಮಾಡುತ್ತೇನೆ. ಯಾರೂ ಕೇಳುವುದಿಲ್ಲ. ಕಬ್ಬಿನ ಟ್ರ್ಯಾಕ್ಟರಿನವರು ಜಾಕೀಟಿನ ಮೇಲಿನ ಬರಹ ಓದುವುದಿರಲಿ, ನನ್ನನ್ನೂ ನೋಡುವುದಿಲ್ಲ. ದಿನಾ ಗಂಟಲು ಹರಿದುಕೊಂಡು ಮನೆಗೆ ಬರುತ್ತೇನೆ.

ಕಳೆದ ವಾರ ಒಂದು ಬಸ್ಸು ಬಂತು. ಕೈ ಎತ್ತಿದೆ. ನಿಂತಿತು, ಆದರೆ ಹಾರ್ನ್ ನಿಲ್ಲಲಿಲ್ಲ. ಡ್ರೈವರು ಕಿಟಕಿಯಿಂದ ತಲೆ ಹಾಕಿ ನನ್ನ ವಂಶವನ್ನೆಲ್ಲ ಜಾಲಾಡಿದ. ನಾನೇ ಮೂವತ್ತೊಂದು ವರ್ಷ ಬೈದ ಬೈಗುಳಗಳು, ಒಂದೂ ಹೊಸದಿರಲಿಲ್ಲ. ಪಾರಿ ಬಿಳಿಗಣ್ಣು ತಿರುಗಿಸಿ ಅಡ್ಡ ಸರಿಯಿತು. ಬಾಳು ಹಗ್ಗ ಬಿಗಿ ಹಿಡಿದ. ಎದುರಿನಿಂದ ಭರಮಾ ಸೈಕಲ್ ಮೇಲೆ ಬರುತ್ತಿದ್ದ, ಕಾಲುವೆ ಏರಿಯ ಮೇಲಲ್ಲ, ನಮ್ಮ ರಸ್ತೆಯ ಮೇಲೆ.

ಅವನು ಇಳಿದ. ಸೈಕಲ್ ಅಂಚಿಗೆ ಹಿಡಿದು ನಿಂತ, ಅಂದು ನಿಂತಂತೆಯೇ. ನಾನು ಬಸ್ಸಿನ ಮುಂದೆ ಎರಡೂ ಕೈ ಅಗಲಿಸಿ ನಿಂತೆ, ಬಂಪರು ಮೊಣಕಾಲಿಗೆ ತಾಗುವಷ್ಟು ಸಮೀಪ. ಪಾರಿ ತಲೆ ಇಳಿಸುವವರೆಗೆ ಬಸ್ಸು ಅಲ್ಲೇ ಇತ್ತು. ಭರಮಾ ಸೈಕಲ್ ಹತ್ತಿ ನನ್ನ ಪಕ್ಕದಲ್ಲೇ ಹಾದು ಹೋದ. ನನ್ನ ಕಡೆ ನೋಡಲಿಲ್ಲ. ಹ್ಯಾಂಡಲ್ ಬಿಡದೆ ಒಂದು ಬೆರಳು ಎತ್ತಿದ.